ಬಲಗಡೆಯ ಬೈತಲೆ

ಅಂತರಘಟ್ಟೆ ಕಡೆಯ ಮದುವೆಯೊಂದರ ಫೋಟೋದಲ್ಲಿ ಹೆಣ್ಣಿನ ಅಪ್ಪ ಇರಲಿಲ್ಲ. ಇರುವುದಾದರೂ ಹೇಗೆ? ಮದುವೆಗೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಮನೆಯವರು ಅವರದೊಂದು ಪಾಸ್‌ಪೋರ್ಟ್ ಸೈಜಿನ ಫೋಟೋವನ್ನು ಸ್ಟುಡಿಯೋಗೆ ತಂದುಕೊಟ್ಟು, “ಮಗಳ ಹಿಂದೆ ನಿಲ್ಲಿಸಿಕೊಡಿ” ಎಂದು ಹೇಳಿ ಹೋಗಿದ್ದರು. ದೀಪಶ್ರೀ ಕಂಪ್ಯೂಟರಿನಲ್ಲಿ ಒಂದೇ ಬೆಳಗಿಗೆ ನಿಲ್ಲಿಸಿದಳು. ಎದೆಯವರೆಗೆ ಮಾತ್ರ ಇದ್ದ ಮನುಷ್ಯನಿಗೆ ಮೈ ಕೊಟ್ಟು, ಬಿಳಿ ಜುಬ್ಬ ತೊಡಿಸಿ, ಮಂಟಪದ ದೀಪದ ಹಳದಿ ಬೆಳಕನ್ನು ಕೆನ್ನೆಗೆ ಸವರಿದಳು. ಅವರು ಅಕ್ಷತೆ ಹಿಡಿದು ಬೆಳಗಿನಿಂದ ಅಲ್ಲೇ ನಿಂತವರ ಹಾಗೆ ಕಾಣತೊಡಗಿದರು.

ಊಟಕ್ಕೆ ಕರೆಯಲು ಬಂದ ಅಜ್ಜಿ ತೀರ್ಥಮ್ಮ ಕಂಪ್ಯೂಟರಿನ ಮುಂದೆ ನಿಂತವಳು ಕದಲಲಿಲ್ಲ.

“ಇವ್ರು ಹೋಗ್ಬಿಟ್ರು ಅಂದಿದ್ಯಲ್ಲೇ?”

“ಹೋಗಿದಾರೆ ಅಜ್ಜಿ. ನಾನೇ ಕರ್ಕೊಂಬಂದು ನಿಲ್ಸಿದೀನಿ.”

ತೀರ್ಥಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಹತ್ತಿರ ಹೋಗಿ ನೋಡಿದಳು, ಹಿಂದೆ ಸರಿದು ನೋಡಿದಳು. ಆಮೇಲೆ ಮೊಮ್ಮಗಳ ಭುಜ ಹಿಡಿದು ಅಲ್ಲಾಡಿಸಿದಳು.

“ಸತ್ತೋರ್ನೇ ತಂದು ನಿಲ್ಲಿಸ್ತೀಯ. ಬದ್ಕಿರೋರ್ನ ತಂದು ನಿಲ್ಸೋಕಾಗಲ್ವೇನೇ?”

ಯಾರನ್ನು ಎಂದು ದೀಪಶ್ರೀ ಕೇಳಲಿಲ್ಲ. ಆ ಮನೆಯಲ್ಲಿ ಅದನ್ನು ಕೇಳುವ ಅಗತ್ಯವೂ ಇರಲಿಲ್ಲ.

ತೀರ್ಥಮ್ಮನಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ರುದ್ರಮೂರ್ತಿ, ದೀಪಶ್ರೀಯ ಅಪ್ಪ, ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಮೂವತ್ತು ವರ್ಷದಿಂದ ಸ್ಟುಡಿಯೋ ನಡೆಸುತ್ತಿದ್ದ. ಮುಂದೆ ಸ್ಟುಡಿಯೋ, ಹಿಂದೆ ಮನೆ. ಕಿರಿಯ ಓಂಕಾರಮೂರ್ತಿಗೆ ತರೀಕೆರೆಯಲ್ಲಿ ಪೈಪು, ಮೋಟಾರಿನ ಅಂಗಡಿ. ಬಸ್ಸಿನಲ್ಲಿ ಹೋದರೆ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಆ ದಾರಿಯನ್ನು ಅಣ್ಣತಮ್ಮಂದಿರು ಆರು ವರ್ಷದಿಂದ ತುಳಿದಿರಲಿಲ್ಲ.

ಕಾರಣ ಕೇಳಿದರೆ ನಗು ಬರಬಹುದು. ಓಂಕಾರಮೂರ್ತಿಯ ಗೃಹಪ್ರವೇಶದ ಕಾರ್ಡು. ಕೆಳಗಡೆ ಸುಖಾಗಮನ ಬಯಸುವವರ ಸಾಲಿನಲ್ಲಿ ಅವನ ಹೆಂಡತಿಯ ಮೂವರು ಅಣ್ಣಂದಿರ ಹೆಸರಿತ್ತು, ಒಡಹುಟ್ಟಿದ ಅಣ್ಣನ ಹೆಸರಿರಲಿಲ್ಲ. ಅಷ್ಟನ್ನು ರುದ್ರಮೂರ್ತಿ ನುಂಗಿಕೊಳ್ಳುತ್ತಿದ್ದನೋ ಏನೋ. ಹಿಂದಿನ ದಿನ ತಮ್ಮ ಫೋನು ಮಾಡಿ, “ಅಣ್ಣ, ಕ್ಯಾಮೆರಾ ಮರೀಬೇಡ” ಅಂದುಬಿಟ್ಟ. “ಹಂಗಾದ್ರೆ ನಾನು ಫೋಟೋದೋನು, ಅಷ್ಟೇ ತಾನೆ?” ಎಂದು ರುದ್ರಮೂರ್ತಿ ಫೋನಿಟ್ಟ. ಇಟ್ಟವನು ಮತ್ತೆ ಎತ್ತಲಿಲ್ಲ. ಪ್ರೆಸ್ಸಿನವರ ತಪ್ಪು ಎಂದು ತಮ್ಮ ಅವರಿವರ ಕೈಯಲ್ಲಿ ಹೇಳಿಕಳಿಸಿದ್ದು ಗಾಳಿಗೆ ಹೋಯಿತು. ನಮ್ಮ ಕಡೆ ಮದುವೆಮನೆಯಲ್ಲಿ ಊಟ ಸಿಗದಿದ್ದರೂ ಜನ ಮರೆತಾರು, ಕಾರ್ಡಿನಲ್ಲಿ ಹೆಸರು ಬಿಟ್ಟದ್ದನ್ನು ಮಾತ್ರ ಮರೆಯುವುದಿಲ್ಲ.

ಊರಿನ ಅರ್ಧ ಜನರ ಕುಟುಂಬದ ಫೋಟೋ ತೆಗೆದವನ ಮನೆಯಲ್ಲಿ ತಾಯಿ ಇಬ್ಬರು ಮಕ್ಕಳ ನಡುವೆ ಕೂತ ಒಂದೇ ಒಂದು ಫೋಟೋ ಇರಲಿಲ್ಲ. ಜಗಳಕ್ಕೆ ಮೊದಲು ತೆಗೆದವುಗಳಲ್ಲೆಲ್ಲ ರುದ್ರಮೂರ್ತಿ ಕ್ಯಾಮೆರಾದ ಹಿಂದೆ ಇದ್ದ. ಬರುವ ಯುಗಾದಿಗೆ ತೀರ್ಥಮ್ಮನಿಗೆ ಎಂಬತ್ತು ತುಂಬುತ್ತಿತ್ತು.

“ನಾ ಹೋಗೋದ್ರೊಳ್ಗೆ ಒಂದ್ಸಲ ಇಬ್ರ ಮಧ್ಯೆ ಕೂರ್ಬೇಕು ಕಣೇ,” ಎಂದಳು. “ಸುಳ್ಳೋ ನಿಜ್ವೋ, ಗೋಡೆ ಮೇಲೆ ಇರ್ಲಿ. ನಾನು ನೋಡ್ಕಂತೀನಿ.”

“ಅಪ್ಪಂಗೆ ಗೊತ್ತಾದ್ರೆ?”

“ಗೊತ್ತಾಗೋ ಹೊತ್ತಿಗೆ ಮೊಳೆ ಹೊಡ್ದಾಗಿರ್ಬೇಕು. ಅದಿರ್ಲಿ, ಹೆಂಗೆ ಮಾಡ್ತೀಯ ಹೇಳು.”

ದೀಪಶ್ರೀ ಒಳಗೆ ಹೋಗಿ ಬೀರುವಿನಿಂದ ಅಜ್ಜಿಯ ಮಂಡಿಯ ಎಕ್ಸ್‌ರೇ ಹಾಳೆಗಳನ್ನು ತಂದಳು. ಬಲಮಂಡಿಯದೊಂದು, ಎಡಮಂಡಿಯದೊಂದು. ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಳು.

“ನೋಡು. ಎರಡು ಹಾಳೆ, ಆದ್ರೆ ಕಾಣೋದು ಒಂದೇ ಚಿತ್ರ. ಇದಕ್ಕೆ ಲೇಯರ್ ಅಂತಾರೆ. ಕೆಳಗಿಂದ್ರಲ್ಲಿ ನೀನು, ಅದರ ಮೇಲಿಂದ್ರಲ್ಲಿ ಅಪ್ಪ, ಅದರ ಮೇಲೆ ಚಿಕ್ಕಪ್ಪ. ಬೇಡದಿರೋ ಜಾಗನೆಲ್ಲ ಮರೆ ಮಾಡ್ತೀನಿ. ಅಂಚು ಕಾಣದ ಹಾಗೆ ಬೆರೆಸ್ತೀನಿ.”

“ಅಯ್ಯೋ ಶಿವನೇ!” ತೀರ್ಥಮ್ಮ ಎರಡೂ ಹಾಳೆ ಕಿತ್ತುಕೊಂಡು ತಾನೇ ಹಿಡಿದು ನೋಡಿದಳು. “ಎರಡು ಮಂಡಿ ಒಂದೇ ಆಗೋಯ್ತು! ಸಂಗೀತಾ, ಬಾರೇ ಇಲ್ಲಿ!”

ಗುಟ್ಟು ಅಲ್ಲಿಗೇ ಮೂವರದಾಯಿತು. ದೀಪಶ್ರೀಯ ಅಮ್ಮ ಸಂಗೀತಾ ಸೌಟು ಹಿಡಿದುಕೊಂಡೇ ಬಂದು ಎಲ್ಲ ಕೇಳಿಸಿಕೊಂಡು, “ನಂಗೇನೂ ಗೊತ್ತಿಲ್ಲಪ್ಪ, ನಾನು ಕೇಳೇ ಇಲ್ಲ,” ಎಂದು ಒಳಗೆ ಹೋದಳು. ಎರಡು ನಿಮಿಷಕ್ಕೆ ಹೊರಗೆ ಬಂದು, “ಅತ್ತೆ, ಹಸಿರು ರೇಷ್ಮೆ ಉಟ್ಕೊಳ್ಳಿ. ಅದು ಫೋಟೋದಲ್ಲಿ ಚೆನ್ನಾಗಿ ಬರುತ್ತೆ,” ಎಂದಳು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹಿತ್ತಲಿನಲ್ಲಿ ಮೊದಲ ಕೆಲಸ. ಹೊಸ ಲೆನ್ಸ್ ನೋಡಬೇಕು, ಬಂದು ನಿಲ್ಲು ಎಂದು ದೀಪಶ್ರೀ ಅಪ್ಪನನ್ನು ಎಳೆದು ತಂದಳು. ಹಸಿರು ರೇಷ್ಮೆಯುಟ್ಟ ತೀರ್ಥಮ್ಮ ಕುರ್ಚಿಯಲ್ಲಿ ಕೂತಿದ್ದಳು. ಬಿಸಿಲು ಎಡಗಡೆಯಿಂದ ಬೀಳುತ್ತಿತ್ತು.

“ಲೆನ್ಸ್ ನೋಡೋಕೆ ರೇಷ್ಮೆ ಸೀರೆ ಯಾಕವ್ವಾ?” ಎಂದ ರುದ್ರಮೂರ್ತಿ.

“ಮಡಿಸಿಟ್ರೆ ಹಾಳಾಗುತ್ತೆ ಕಣೋ.”

“ಅಪ್ಪ, ಇನ್ನೂ ಸ್ವಲ್ಪ ಈ ಕಡೆ. ಹಾಂ, ಅಲ್ಲೇ.”

“ಆ ಕಡೆ ಅಷ್ಟು ಜಾಗ ಖಾಲಿ ಬಿಟ್ಟಿದ್ದೀಯಲ್ಲೇ. ಫ್ರೇಮ್ ಕಟ್ಟೋದು ನಾನು ಹೇಳ್ಕೊಟ್ಟಿಲ್ವಾ?”

“ಅದು ಡಿಸೈನ್ ಅಪ್ಪ.”

ತೀರ್ಥಮ್ಮ ನಗು ತಡೆಯಲು ತುಟಿ ಕಚ್ಚಿಕೊಂಡಳು. ಕ್ಯಾಮೆರಾ ಸದ್ದು ಮಾಡಿದ್ದು ಸರಿಯಾಗಿ ಆಗಲೇ. ಅವಳ ಮುಖದಲ್ಲಿ ಕದ್ದು ಬೆಲ್ಲ ತಿಂದ ಮಗುವಿನ ಖುಷಿ ಇತ್ತು.

ಮುಂದಿನ ವಾರ ತರೀಕೆರೆ. ಅಮೃತಾಪುರದ ದೇವರಿಗೆ ಹೋಗಿಬರುತ್ತೇವೆ ಎಂದು ಮನೆಯಲ್ಲಿ ಹೇಳಿ ಅಜ್ಜಿ, ಮೊಮ್ಮಗಳು ಬಸ್ಸು ಹತ್ತಿದರು. ಮಂಡಿನೋವು ಎಂದು ಅಂಗಳ ದಾಟದ ತೀರ್ಥಮ್ಮ ಅವತ್ತು ಕಂಡಕ್ಟರ್ ಕೈ ಕೊಡುವ ಮೊದಲೇ ಮೆಟ್ಟಿಲು ಹತ್ತಿದ್ದಳು. ದಾರಿಯಲ್ಲಿ ಬಸ್ಸಿನ ಟೈರು ಪಂಕ್ಚರ್ ಆಗಿ, ಓಂಕಾರಮೂರ್ತಿಯ ಮನೆ ಮುಟ್ಟುವ ಹೊತ್ತಿಗೆ ಹನ್ನೊಂದು ಗಂಟೆ.

ಆರು ವರ್ಷದ ಮೇಲೆ ಅವ್ವನನ್ನು ಹೊಸಿಲಲ್ಲಿ ಕಂಡು ಓಂಕಾರಮೂರ್ತಿ ಕೈ ಹಿಡಿದು ಒಳಗೆ ಕರೆತಂದ. ಅವಳನ್ನು ಕೂರಿಸಿ, ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟ. ಐವತ್ತು ದಾಟಿದ ಗಂಡಸು. ಅವನ ಹೆಂಡತಿ ಒತ್ತುಶಾವಿಗೆ, ಕಾಯಿಹಾಲು ಮಾಡಲು ಒಳಗೆ ಓಡಿದಳು.

“ಅಜ್ಜಿಗೆ ಎಲ್ಲರದೂ ಒಂದೊಂದು ಫೋಟೋ ಬೇಕಂತೆ ಚಿಕ್ಕಪ್ಪ,” ಎಂದಳು ದೀಪಶ್ರೀ. ಅದು ಪೂರ್ತಿ ಸುಳ್ಳೂ ಅಲ್ಲ. ಅವನು ಸಂಭ್ರಮದಿಂದ ಮುಖ ತೊಳೆದು, ವಿಭೂತಿ ಧರಿಸಿ, ತಲೆ ಬಾಚಿಕೊಂಡು ಬಂದು ಗೋಡೆಯ ಪಕ್ಕ ನಿಂತ.

“ಸ್ಟುಡಿಯೋ ಹೆಂಗಿದ್ಯಮ್ಮ?”

“ಚೆನ್ನಾಗಿದೆ ಚಿಕ್ಕಪ್ಪ. ಸ್ವಲ್ಪ ಬಿಪಿ ಇದೆ.”

“ಸ್ಟುಡಿಯೋಗಾ?”

“ಹೂಂ, ಸ್ಟುಡಿಯೋಗೆ. ಉಪ್ಪು ಕಮ್ಮಿ ಮಾಡಿ ಅಂದ್ರೆ ಕೇಳಲ್ಲ.”

“ಮೊದ್ಲಿಂದ್ಲೂ ಹಂಗೇ ಅದು. ಉಪ್ಪಿನಕಾಯಿ ಭರಣಿ ಮುಚ್ಚಿಡಿ,” ಎಂದ ಓಂಕಾರಮೂರ್ತಿ. ಮುಖ ಆ ಕಡೆ ತಿರುಗಿಸಿಕೊಂಡ.

ವಾಪಸು ಬಂದಾಗ ರುದ್ರಮೂರ್ತಿ ಕೈ ಚಾಚಿದ. “ಎಲ್ಲಿ, ಪ್ರಸಾದ ಕೊಡು.” ಅಜ್ಜಿ ಮೊಮ್ಮಗಳ ಮುಖ ನೋಡಿದಳು, ಮೊಮ್ಮಗಳು ಚಪ್ಪಲಿ ನೋಡಿಕೊಂಡಳು. ಸಂಗೀತಾ ದೇವರಮನೆಯಿಂದ ನಾಲ್ಕು ಕಲ್ಲುಸಕ್ಕರೆ ಹಿಡಿದು ಬಂದು, “ಆಗ್ಲೇ ಒಳಗಿಟ್ಟಿದ್ದೆ, ತಗೊಳ್ಳಿ,” ಎಂದಳು. ಅವನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ಆ ಮೂವರ ಧೈರ್ಯಕ್ಕೆ ಏನನ್ನಬೇಕೋ ನನಗಂತೂ ತಿಳಿಯದು.

ಕಷ್ಟ ಶುರುವಾದದ್ದು ಕಂಪ್ಯೂಟರಿನಲ್ಲಿ. ಹಿತ್ತಲಿನಲ್ಲಿ ಬಿಸಿಲು ಎಡಗಡೆಯಿಂದ ಬಂದಿತ್ತು, ಚಿಕ್ಕಪ್ಪನ ಮೇಲೆ ಬಲಗಡೆಯಿಂದ. ಪಕ್ಕದಲ್ಲಿಟ್ಟರೆ ಒಂದೇ ಅಂಗಳದಲ್ಲಿ ಎರಡು ಸೂರ್ಯ ಹುಟ್ಟಿದ ಹಾಗಿತ್ತು. ದೀಪಶ್ರೀ ಎರಡು ದಿನ ಒದ್ದಾಡಿದಳು. ಮೂರನೆಯ ದಿನ ಥಟ್ಟನೆ ಹೊಳೆಯಿತು. ಚಿಕ್ಕಪ್ಪನ ಲೇಯರನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ತಿರುಗಿಸಿದಳು. ಬೆಳಕು ಎಡಕ್ಕೆ ಬಂತು! ಕುರ್ಚಿಯಿಂದ ಎದ್ದು ಒಂದು ಸಲ ಚಪ್ಪಾಳೆ ತಟ್ಟಿಕೊಂಡು ಮತ್ತೆ ಕೂತಳು. ಕೂದಲಿನ ಅಂಚನ್ನು ಎಳೆಎಳೆಯಾಗಿ ಬಿಡಿಸಿದಳು, ಗೋಡೆಯ ಬಣ್ಣ ಅಂಗಿಗೆ ಅಂಟಿದ್ದನ್ನು ತೆಗೆದಳು, ಕಾಲ ಕೆಳಗೆ ನೆರಳು ಹಾಸಿದಳು. ಅಜ್ಜಿಯ ಕುರ್ಚಿಯ ಹಿಡಿಯ ಮೇಲೆ ಚಿಕ್ಕಪ್ಪನ ಕೈ ಬಂದು ಕೂತಾಗ ಎದ್ದು ಹೋಗಿ ಅಜ್ಜಿಯನ್ನು ಕರೆತಂದಳು.

ತೀರ್ಥಮ್ಮ ನೋಡಿದಳು. ಪರದೆಯ ಮೇಲೆ ಬೆರಳಿಟ್ಟು, “ರುದ್ರ,” ಎಂದಳು. ಬೆರಳು ಸರಿಸಿ, “ಓಂಕಾರ,” ಎಂದಳು. ಅಷ್ಟೇ. ಅವತ್ತು ಅವಳು ಎರಡು ರೊಟ್ಟಿ ಜಾಸ್ತಿ ತಿಂದಳು.

ದೊಡ್ಡ ಪ್ರಿಂಟಿಗೆ ಫೈಲನ್ನು ಕಡೂರಿನ ಲ್ಯಾಬಿಗೆ ಕಳಿಸಿದ್ದಾಯಿತು. ಲ್ಯಾಬಿನ ಧರ್ಮೇಶ್ ಒಳ್ಳೆಯವನೇ, ಆದರೆ ಚೆನ್ನಾಗಿದ್ದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರ. ‘ಅಜ್ಜಂಪುರದ ದೀಪಶ್ರೀ ಮೇಡಂ ಸೂಪರ್ ವರ್ಕ್’ ಎಂದು ಬರೆದು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಬಿಟ್ಟ. ಸುತ್ತಲಿನ ಫೋಟೋದವರೆಲ್ಲ ಆ ಸ್ಟೇಟಸ್ ನೋಡುವವರೇ. ರುದ್ರಮೂರ್ತಿ ಬೆಳಿಗ್ಗೆ ರೊಟ್ಟಿಗೆ ಎಣ್ಣೆಗಾಯಿ ಹಚ್ಚಿಕೊಂಡು ಫೋನು ತೆರೆದ.

“ದೀಪಾ!”

ಮನೆ ನಡುಗಿತು.

“ಯಾರನ್ನ ಕೇಳಿ ಮಾಡ್ದೆ ಇದನ್ನ? ಆರು ವರ್ಷದಿಂದ ಮುಖ ನೋಡ್ದೇ ಇರೋನ ಪಕ್ಕ ನನ್ನ ನಿಲ್ಸಿದೀಯ!”

“ಅಪ್ಪ, ಅಜ್ಜಿಗೆ...”

“ಅಜ್ಜಿ ಅನ್ಬೇಡ! ಲೆನ್ಸಂತೆ, ಡಿಸೈನಂತೆ. ಹೆತ್ತ ಮಗಳು ನನ್ನ ಮುಂದೆ ನಿಂತು ಸುಳ್ಳು ಹೇಳ್ತಾಳೆ!”

“ನಾನೇ ಹೇಳ್ಸಿದ್ದು,” ಎಂದಳು ತೀರ್ಥಮ್ಮ. “ನನ್ನ ಬೈಯೋ ರುದ್ರ. ಬೈಯಿ. ನಿನ್ನ ಹೆತ್ತ ಹೊಟ್ಟೇಲೇ ಅವ್ನೂ ಇದ್ದದ್ದು. ನಿಮ್ಮಿಬ್ಬರನ್ನ ಒಂದು ಕಾಗದ್ದಲ್ಲಿ ನೋಡೋಕೂ ನಿನ್ನ ಅಪ್ಪಣೆ ಬೇಕಾ ನಂಗೆ?”

“ಅವ್ನ ಕಾರ್ಡಲ್ಲಿ ನನ್ನ ಹೆಸ್ರಿಗೆ ಜಾಗ ಇರ್ಲಿಲ್ಲ. ನನ್ನ ಫೋಟೋದಲ್ಲಿ ಅವ್ನಿಗ್ಯಾಕೆ ಜಾಗ?”

“ನಿನ್ನ ಫೋಟೋ ಅಲ್ಲ. ನಂದು!”

“ರೀ, ರೊಟ್ಟಿ ಆರೋಗುತ್ತೆ,” ಎಂದಳು ಸಂಗೀತಾ. ಅದೇ ತಪ್ಪಾಯಿತು. “ನಿಂಗೂ ಗೊತ್ತಿತ್ತಾ? ಕಲ್ಲುಸಕ್ಕರೆ ಬೇರೆ ತಿನ್ಸಿದ್ಯಾ?” ಎಂದು ರುದ್ರಮೂರ್ತಿ ತಟ್ಟೆ ಸರಿಸಿ ಎದ್ದ. ಸ್ಟುಡಿಯೋದ ಬಾಗಿಲು ಧಡಾರನೆ ಹಾಕಿಕೊಂಡ.

ಒಂದು ಗಂಟೆ ಕಳೆಯಿತು. ಒಳಗಿಂದ ಸದ್ದಿಲ್ಲ. ತೀರ್ಥಮ್ಮ ಅವರೆಕಾಯಿ ಸುಲಿಯುತ್ತ ಕಾಳನ್ನು ಸಿಪ್ಪೆಗೂ ಸಿಪ್ಪೆಯನ್ನು ಕಾಳಿಗೂ ಹಾಕುತ್ತಿದ್ದಳು. ದೀಪಶ್ರೀ ಎದ್ದು ಬಾಗಿಲ ಬಳಿ ಬಂದಳು. ಫೈಲನ್ನೇ ಅಳಿಸಿಬಿಟ್ಟರೆ? ಮೆಲ್ಲಗೆ ಬಾಗಿಲು ತಳ್ಳಿದಳು.

ಅಪ್ಪ ಕಂಪ್ಯೂಟರಿನ ಮುಂದೆ ಕೂತಿದ್ದ. ಓಂಕಾರಮೂರ್ತಿಯ ಮುಖ ಪರದೆಯ ತುಂಬ ದೊಡ್ಡದಾಗಿ ಹರಡಿತ್ತು.

“ಬಾ ಇಲ್ಲಿ. ಯಾರಿವ್ನು?”

“ಚಿಕ್ಕಪ್ಪ.”

“ಅಲ್ಲ. ಇವ್ನು ನನ್ನ ತಮ್ಮ ಅಲ್ಲ.”

ಮತ್ತೆ ಜಗಳ ಎಂದುಕೊಂಡಳು ದೀಪಶ್ರೀ. ರುದ್ರಮೂರ್ತಿ ಪೆನ್ನಿನ ತುದಿಯಿಂದ ಪರದೆಯ ಮೇಲಿನ ಕೂದಲನ್ನು ಕುಟ್ಟಿದ.

“ಬೈತಲೆ ನೋಡು. ಇವ್ನ ಎಡಗಡೆ ಇದೆ. ಓಂಕಾರನ ಬೈತಲೆ ಬಲಗಡೆ ಕಣೇ! ಸ್ಕೂಲಿಗೆ ಹೋಗುವಾಗ ದಿನಾ ನಾನೇ ತಲೆ ಬಾಚ್ತಿದ್ದೆ. ಎದುರಿಗೆ ನಿಲ್ಲಿಸ್ಕೊಂಡು, ಗಲ್ಲ ಹಿಡ್ಕೊಂಡು, ನನ್ನ ಎಡಗೈ ಕಡೆ ಬೈತಲೆ ತೆಗೀತಿದ್ದೆ. ನನಗೆ ಎಡ ಅಂದ್ರೆ ಅವ್ನಿಗೆ ಬಲ. ಎಲ್ಲರದೂ ಒಂದು ಕಡೆ, ಇವಂದೊಂದು ಕಡೆ. ಕ್ಲಾಸಲ್ಲಿ ಹುಡುಗ್ರು ನಗೋರು. ಮೇಷ್ಟ್ರು ಸರಿ ಮಾಡ್ಕೋ ಅಂದ್ರೆ, ನಮ್ಮಣ್ಣ ತೆಗ್ದಿರೋದು ಅಂತಿದ್ದ. ಇವತ್ತಿನವರ್ಗೂ ಹಂಗೇ ಬಾಚ್ಕೊಂತಾನೆ.”

“ಬೆಳಕು ಸರಿ ಬರ್ಲಿ ಅಂತ ತಿರುಗಿಸ್ದೆ ಅಪ್ಪ.”

“ಅದು ಕಾಣುತ್ತೆ. ಇನ್ನೊಂದು. ಅವ್ನು ನನಗಿಂತ ಎರಡಿಂಚು ಉದ್ದ. ಕುಳ್ಳನ್ನ ಮಾಡಿಟ್ಟಿದೀಯ.” ರುದ್ರಮೂರ್ತಿ ಕುರ್ಚಿ ಮುಂದಕ್ಕೆಳೆದುಕೊಂಡ. “ಮಾಡೋದಾದ್ರೆ ನೆಟ್ಟಗೆ ಮಾಡ್ಬೇಕು. ನನ್ನ ಸ್ಟುಡಿಯೋ ಹೆಸ್ರಲ್ಲಿ ಹೋಗೋ ಕೆಲಸ ಇದು.”

ಅಪ್ಪ, ಮಗಳು ಮಧ್ಯಾಹ್ನದವರೆಗೆ ಕೂತರು. ಮುಖವನ್ನು ಮತ್ತೆ ತಿರುಗಿಸಿದರೆ ಬೈತಲೆ ಸರಿ, ಬೆಳಕು ತಪ್ಪು. ಬೆಳಕಿಗೆ ತಿರುಗಿಸಿದರೆ ಬೈತಲೆ ತಪ್ಪು. ಕೂದಲನ್ನಷ್ಟೇ ಬೇರೆ ಲೇಯರ್ ಮಾಡಿ ಕೂರಿಸಿದರೆ ಟೋಪಿ ಇಟ್ಟ ಹಾಗಾಯಿತು. ಇಬ್ಬರೂ ಒಟ್ಟಿಗೆ ನಕ್ಕರು, ನಕ್ಕದ್ದು ನೆನಪಾಗಿ ರುದ್ರಮೂರ್ತಿ ಮುಖ ಗಂಟಿಕ್ಕಿಕೊಂಡ.

ಆಗ ದೀಪಶ್ರೀಯ ಫೋನು ಹೊಡೆದುಕೊಂಡಿತು. ‘ಚಿಕ್ಕಪ್ಪ’ ಎಂದು ಹೆಸರು ಬಂತು. ಅವಳು ಎತ್ತಲೋ ಬೇಡವೋ ಎನ್ನುವಷ್ಟರಲ್ಲಿ ಅಪ್ಪ ಕಿತ್ತುಕೊಂಡು ಸ್ಪೀಕರಿಗೆ ಹಾಕಿದ.

“ದೀಪಮ್ಮ, ಯಾರೋ ಸ್ಟೇಟಸ್ ಕಳ್ಸಿದ್ರು. ನಾನು ನಿಮ್ಮಪ್ಪನ ಪಕ್ಕ ಯಾವಾಗಮ್ಮ ನಿಂತಿದ್ದೆ?”

“ನೀನು ನಿಂತಿಲ್ಲ,” ಎಂದ ರುದ್ರಮೂರ್ತಿ. “ಅದಕ್ಕೇ ಬೈತಲೆ ಉಲ್ಟಾ ಆಗಿದೆ.”

ಬಾಗಿಲ ಹತ್ತಿರ ಸಂಗೀತಾ, ಅವಳ ಹಿಂದೆ ತೀರ್ಥಮ್ಮ ಅವರೆಕಾಯಿಯ ಮೊರ ಹಿಡಿದುಕೊಂಡೇ ನಿಂತಿದ್ದರು.

“ನಾಳೆ ಬೆಳಿಗ್ಗೆ ಎಂಟಕ್ಕೆ ಬಾ,” ಎಂದ ರುದ್ರಮೂರ್ತಿ. “ಹಿತ್ತಲಲ್ಲಿ ಬಿಸಿಲು ಎಡಗಡೆಯಿಂದ ಬೀಳುತ್ತೆ. ಲೇಟಾದ್ರೆ ಬೆಳಕು ಹೋಗುತ್ತೆ.”

“ಕಾರ್ಡು ಕಳ್ಸಲ್ವಾ ಅಣ್ಣ?” ಎಂದ ಓಂಕಾರಮೂರ್ತಿ.

“ಕಾರ್ಡೂ ಇಲ್ಲ, ಗೀರ್ಡೂ ಇಲ್ಲ. ಬಾ ಅಂದ್ರೆ ಬಾ.”

ಎಂಟಕ್ಕೆ ಎಂದರೆ ಓಂಕಾರಮೂರ್ತಿ ಏಳಕ್ಕೇ ಬಂದ, ಹೆಂಡತಿಯ ಸಮೇತ, ಒಂದು ಡಬ್ಬಿ ಒತ್ತುಶಾವಿಗೆಯ ಸಮೇತ. ಅಂಗಳದಲ್ಲೇ ಅಣ್ಣನ ಎದುರು ನಿಂತ.

“ಅಣ್ಣ, ಮೊದ್ಲು ಒಂದು ಮಾತು ಹೇಳ್ಬಿಡ್ತೀನಿ. ಪ್ರೆಸ್ಸಿನವ್ರ ತಪ್ಪು ಅಂದಿದ್ದು ಸುಳ್ಳು. ಅಚ್ಚಾಗೋಕೆ ಮುಂಚೆ ಕಾರ್ಡು ನನ್ನ ಕೈಗೇ ಬಂದಿತ್ತು. ನಿನ್ನ ಹೆಸ್ರಿಲ್ಲ ಅಂತ ನೋಡ್ದೆ. ಮತ್ತೆ ಜೋಡ್ಸಿದ್ರೆ ನಾಲ್ಕು ದಿನ ಲೇಟಾಗುತ್ತೆ ಅಂದ್ರು. ಅಣ್ಣ ತಾನೆ, ಏನೂ ಅಂದ್ಕೊಳ್ಳಲ್ಲ ಅಂತ ಬಿಟ್ಬಿಟ್ಟೆ.”

ರುದ್ರಮೂರ್ತಿಯ ಕಿವಿ ಕೆಂಪಗಾಯಿತು. ತಮ್ಮನ ಮುಖವನ್ನೇ ನೋಡಿದ. ಬಸ್ಸಿನ ಗಾಳಿಗೆ ಕೂದಲು ಕೆದರಿತ್ತು.

“ಇದನ್ನ ಅವತ್ತೇ ಹೇಳಿದ್ರೆ ನಾಲ್ಕು ಬಾರಿಸಿ ಸುಮ್ನಾಗ್ತಿದ್ದೆ,” ಎಂದ. ಆಮೇಲೆ, “ದೀಪಾ, ಬಾಚಣಿಗೆ ತಗೊಂಡ್ ಬಾ.”

ಎದುರಿಗೆ ನಿಂತು, ಎಡಗೈಯಲ್ಲಿ ತಮ್ಮನ ಗಲ್ಲ ಹಿಡಿದು, ಉಳಿದಿದ್ದಷ್ಟು ಕೂದಲಿಗೆ ಬಲಗಡೆ ಬೈತಲೆ ತೆಗೆದ. ಓಂಕಾರಮೂರ್ತಿ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಅವನ ಕೆನ್ನೆಯ ಮೇಲೆ ನೀರಿಳಿಯಿತು. ರುದ್ರಮೂರ್ತಿ ಅದನ್ನು ನೋಡಿಯೂ ನೋಡದವನಂತೆ, “ಅಲ್ಲಾಡ್ಬೇಡ ಲೇ,” ಎಂದು ಗದರಿಸಿದ.

ಬೆಳಕು ಸರಿಯಾಗಿತ್ತು. ತೀರ್ಥಮ್ಮ ಹಸಿರು ರೇಷ್ಮೆಯಲ್ಲಿ ನಡುವೆ ಕೂತಳು. ರುದ್ರಮೂರ್ತಿ ಅಭ್ಯಾಸದಂತೆ ಕ್ಯಾಮೆರಾದ ಹಿಂದೆ ಓಡಿದ.

“ಅಣ್ಣ! ಇವತ್ತು ನೀನು ಫೋಟೋದೋನಲ್ಲ, ಬಾ,” ಎಂದು ತಮ್ಮ ಮಣಿಕಟ್ಟು ಹಿಡಿದು ಎಳೆದುಕೊಂಡು ಬಂದ. ದೀಪಶ್ರೀ ಕ್ಲಿಕ್ಕಿಸುತ್ತಲೇ ಹೋದಳು. ಇಪ್ಪತ್ತು, ಮೂವತ್ತು, ಮೂವತ್ತೆರಡು. “ಅಜ್ಜಿ, ನಗು! ಅಜ್ಜಿ, ಇಲ್ಲಿ ನೋಡು!” ಬಿಸಿಲು ಏರುವವರೆಗೂ ತೆಗೆದರು. ಆಮೇಲೆ ಎಲ್ಲರೂ ಶಾವಿಗೆಗೆ ಕೂತರು. ಅಣ್ಣನ ಕೈಗೆ ಸಿಗದ ಹಾಗೆ ಓಂಕಾರಮೂರ್ತಿ ಉಪ್ಪಿನಕಾಯಿ ಭರಣಿಯನ್ನು ತನ್ನ ತೊಡೆಯ ಪಕ್ಕ ಇಟ್ಟುಕೊಂಡ.

ಒಂದಾದರೂ ಸರಿ ಬಂದಿರಬಹುದೆಂದು ಫೋಟೋಗಳನ್ನು ದೊಡ್ಡದು ಮಾಡಿ ನೋಡಿದರು. ಅಣ್ಣತಮ್ಮಂದಿರು ಎಲ್ಲದರಲ್ಲೂ ಚೆನ್ನಾಗಿ ಬಂದಿದ್ದರು. ತೀರ್ಥಮ್ಮನ ಮುಖ ಒಂದರಲ್ಲೂ ನೆಟ್ಟಗೆ ಬಂದಿರಲಿಲ್ಲ. ಮೂವತ್ತೆರಡರಲ್ಲೂ ಅವಳು ಅಳುತ್ತಿದ್ದಳು. ಒಂದರಲ್ಲಿ ಸೆರಗು ಬಾಯಿಗೆ, ಇನ್ನೊಂದರಲ್ಲಿ ಎರಡೂ ಕೈ ಮುಖಕ್ಕೆ.

“ಏನವ್ವಾ ಇದು? ಇಷ್ಟೆಲ್ಲ ಮಾಡಿ!” ಎಂದ ರುದ್ರಮೂರ್ತಿ.

“ನಾನೇನ್ ಮಾಡ್ಲೋ, ನಿಲ್ಲಲೇ ಇಲ್ಲ.”

ದೀಪಶ್ರೀ ಅಪ್ಪನ ಕಡೆ ತಿರುಗಿದಳು. “ಮೊದಲನೇ ಭಾನುವಾರದ್ದಿದೆಯಲ್ಲ ಅಪ್ಪ. ಲೆನ್ಸ್ ಟೆಸ್ಟಿಂದು. ಅದೇ ಕುರ್ಚಿ, ಅದೇ ಸೀರೆ, ಅದೇ ಎಂಟು ಗಂಟೆ ಬಿಸಿಲು.”

ತುಟಿ ಕಚ್ಚಿ ನಗು ತಡೆದಿದ್ದ ಆ ತೀರ್ಥಮ್ಮನನ್ನು ತಂದು ಮಕ್ಕಳ ನಡುವೆ ಕೂರಿಸಿದಳು. ಅಂಚು ತಿದ್ದುವ ಕೆಲಸವೂ ಹೆಚ್ಚು ಬೀಳಲಿಲ್ಲ. ಕೆಳಗೆ ಹೆಸರು ಹಾಕಬೇಕೆಂದು ಅಜ್ಜಿ ಹಟ ಹಿಡಿದಳು. ಹೆಸರುಗಳನ್ನು ಓಂಕಾರಮೂರ್ತಿ ಮೂರು ಸಲ ಜೋರಾಗಿ ಓದಿ, ಆಮೇಲೆ ಕಡೂರಿಗೆ ಕಳಿಸಲು ಬಿಟ್ಟ.

ಈಗ ಅದು ನಡುಮನೆಯ ಗೋಡೆಯ ಮೇಲಿದೆ. ಬಂದವರನ್ನೆಲ್ಲ ತೀರ್ಥಮ್ಮ ಕೈ ಹಿಡಿದು ಅದರ ಮುಂದೆ ನಿಲ್ಲಿಸುತ್ತಾಳೆ.

“ಮಕ್ಳಿಬ್ರೂ ನಿಜ್ವಾಗ್ಲೂ ಬಂದು ನಿಂತವ್ರೆ, ನೋಡಿ,” ಎನ್ನುತ್ತಾಳೆ. “ಅಂಟ್ಸಿರೋದು ನನ್ನೊಬ್ಳನ್ನೇ.”